ಕಿವಿ ಕಾಲಂ

ಮಾತು ಬೆಳ್ಳಿ, ಮೌನ ನಲವತ್ತೈದು ಡೆಸಿಬೆಲ್ ಎಂಬುದು ನಮ್ಮ ಕಚೇರಿಯ ಗಾದೆ. ಗಾದೆ ಸುಳ್ಳಾದರೂ ಕೋಷ್ಟಕ ಸುಳ್ಳಾಗದು ಎಂಬುದು ಅದರ ತಮ್ಮ. ಎರಡನ್ನೂ ಹುಟ್ಟಿಸಿದವನು ನಾನೇ, ಎರಡೂ ಬಾಳಲಿಲ್ಲ. ಕೋಷ್ಟಕ ಸುಳ್ಳಾಯಿತು. ಅದು ಹೇಗೆ ಸುಳ್ಳಾಯಿತು ಎಂಬ ಈ ಕಥೆ ಮಾತ್ರ ನಿಜ. ಉಪ್ಪು ಖಾರ ಹಚ್ಚದೆ ನಾನು ಹೇಳುತ್ತಿರುವುದು ಹುಟ್ಟಿದ ಮೇಲೆ ಇದೊಂದನ್ನೇ. ಅಭ್ಯಾಸವಿಲ್ಲದ ಕೆಲಸ, ನಡುವೆ ತಡವರಿಸಿದರೆ ಮನ್ನಿಸಬೇಕು.

ನಾನಿರುವುದು ಮಾಲಿನ್ಯ ನಿಯಂತ್ರಣದ ದೊಡ್ಡ ಕಚೇರಿಯ ಸಣ್ಣ ಮೂಲೆಯಲ್ಲಿ, ಶಬ್ದ ವಿಭಾಗದಲ್ಲಿ. ಗಾಳಿ ವಿಭಾಗಕ್ಕೆ ಒಂದಿಡೀ ಮಹಡಿ, ನೀರಿನ ವಿಭಾಗಕ್ಕೆ ಪ್ರಯೋಗಾಲಯ, ನಮಗೆ ಲಿಫ್ಟಿನ ಯಂತ್ರದ ಪಕ್ಕದ ಕೋಣೆ. ಲಿಫ್ಟ್ ಮೇಲೇರಿದಾಗಲೆಲ್ಲ ನಮ್ಮ ಗೋಡೆ ಗೊರಕೆ ಹೊಡೆಯುತ್ತದೆ. ಶಬ್ದಕ್ಕೆ ಮಿತಿ ಹಾಕುವವರಿಗೆ ಆ ಕೋಣೆ ಕೊಟ್ಟವರ ಹಾಸ್ಯಪ್ರಜ್ಞೆಗೆ ನಾನು ಇವತ್ತಿಗೂ ತಲೆದೂಗುತ್ತೇನೆ. ಕೋಣೆಯಲ್ಲಿ ಮೂರು ಜನ: ಮುಖ್ಯಸ್ಥೆಯಾದ ಮೇಡಂ, ಅಳತೆಗೆ ಹೋಗುವ ಮೀಟರಣ್ಣ, ಅವರು ತಂದದ್ದನ್ನು ಬರೆದು ಜೋಡಿಸುವ ನಾನು.

ನನ್ನನ್ನು ಎಲ್ಲರೂ ಗಿಳಿ ಎನ್ನುತ್ತಾರೆ. ಯಾವ ದನಿಯನ್ನಾದರೂ ಎರಡು ಸಲ ಕೇಳಿದರೆ ಮೂರನೆಯ ಸಲ ಅದು ನನ್ನ ಬಾಯಿಂದ ಬರುತ್ತದೆ. ಆಗುವುದಿಲ್ಲ ಎನ್ನುವ ಮೊದಲು ಮೇಡಂ ಗಂಟಲು ಕೆರೆದುಕೊಳ್ಳುವುದು, ಲಿಫ್ಟಿನ ಬಾಗಿಲು ಹಲ್ಲು ಕಡಿಯುವುದು, ಎರಡನ್ನೂ ಕಣ್ಣು ಮುಚ್ಚಿ ಕೇಳಿದರೆ ಅಸಲಿಗೂ ನಕಲಿಗೂ ಕೂದಲಷ್ಟು ವ್ಯತ್ಯಾಸವಿಲ್ಲ. ಒಮ್ಮೆ ಆಡಳಿತಾಧಿಕಾರಿಯ ದನಿಯಲ್ಲಿ ಫೋನ್ ಮಾಡಿ ಇಡೀ ಗಾಳಿ ವಿಭಾಗವನ್ನು ತಾರಸಿಗೆ ಹತ್ತಿಸಿ, ಗಾಳಿ ಬರುತ್ತಿದೆಯೇ ನೋಡಿ ಎಂದು ಅರ್ಧ ಗಂಟೆ ನಿಲ್ಲಿಸಿದ್ದೆ. ಅದರ ಫಲವಾಗಿ ನನ್ನ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಸಾಲಿದೆ. ಅಂದಿನಿಂದ ನಾನು ನಿಜ ಹೇಳಿದರೂ ಜನ ಮೊದಲು ನನ್ನ ತುಟಿ ನೋಡುತ್ತಾರೆ.

ಮೀಟರಣ್ಣನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಇಪ್ಪತ್ತೊಂಬತ್ತು ವರ್ಷ ಅವರು ಶಬ್ದ ಅಳೆದಿದ್ದಾರೆ. ಕಲ್ಲು ಕ್ವಾರಿ, ಜನರೇಟರ್ ಕೋಣೆ, ವಿಮಾನ ಇಳಿಯುವ ಓಡುದಾರಿಯ ಅಂಚು, ಕಬ್ಬಿಣ ಬಡಿಯುವ ಶೆಡ್ಡು. ಬೇರೆಯವರು ಕಿವಿ ಮುಚ್ಚಿಕೊಂಡು ಓಡಿಬಂದ ಜಾಗಕ್ಕೆಲ್ಲ ಅವರು ಕಿವಿ ತೆರೆದುಕೊಂಡು ಹೋಗಿ ಕೂತಿದ್ದಾರೆ. ಇದು ಅಲಂಕಾರದ ಮಾತಲ್ಲ. ನಮ್ಮದು ಹಳೆಯ ಮೀಟರ್. ಎಷ್ಟು ಶಬ್ದ ಎಂದು ಅದಕ್ಕೆ ಗೊತ್ತು, ಯಾವುದರ ಶಬ್ದ ಎಂದು ಗೊತ್ತಿಲ್ಲ. ನಾಯಿ ಬೊಗಳಿದರೂ ಅರವತ್ತು, ಬಕೆಟ್ಟಿಗೆ ನಲ್ಲಿ ಸುರಿದರೂ ಅರವತ್ತು. ಅದಕ್ಕೇ ಅಳತೆ ಪುಸ್ತಕದಲ್ಲಿ ಅಂಕಿಯ ಪಕ್ಕದಲ್ಲಿ ಇನ್ನೊಂದು ಕಾಲಂ ಇದೆ: 'ಕಿವಿಗೆ ಕೇಳಿಸಿದ್ದು'. ನಮ್ಮ ಬಾಯಲ್ಲಿ ಅದು ಕಿವಿ ಕಾಲಂ. ಅಳೆಯುವವರು ಮೀಟರಿನ ಪಕ್ಕ ಕೂತು ಐದೈದು ನಿಮಿಷಕ್ಕೊಮ್ಮೆ ತಮಗೆ ಏನು ಕೇಳಿಸಿತು ಎಂದು ಅಲ್ಲಿ ಬರೆಯಬೇಕು. ನಾಯಿ, ಹಕ್ಕಿ, ಹುಳು, ದಾರಿಹೋಕರ ಜಗಳ ಕೇಳಿಸಿದರೆ ಆ ಐದು ನಿಮಿಷ ಲೆಕ್ಕಕ್ಕಿಲ್ಲ. ಕಿವಿಗೆ ಬಿರಡೆ ಹಾಕಿಕೊಂಡರೆ ಕೇಳಿಸದು, ಕೇಳಿಸದಿದ್ದರೆ ಬರೆಯಲಾಗದು. ಹಾಗಾಗಿ ಇಪ್ಪತ್ತೊಂಬತ್ತು ವರ್ಷ ಮೀಟರಣ್ಣ ಬಿರಡೆ ಮುಟ್ಟಿಲ್ಲ. "ಬಿರಡೆ ಹಾಕ್ಕೊಂಡು ಶಬ್ದ ಅಳೆಯೋದು, ಕಣ್ಣಿಗೆ ಬಟ್ಟೆ ಕಟ್ಕೊಂಡು ಕಾವಲು ಕಾದ ಹಾಗೆ," ಎನ್ನುತ್ತಿದ್ದರು.

ಕೆಲಸದಲ್ಲಿ ಅವರಷ್ಟು ಕಟ್ಟುನಿಟ್ಟಿನವರನ್ನು ನಾನು ಕಂಡಿಲ್ಲ. ಅಳೆಯುವ ಮೊದಲು ಒಮ್ಮೆ, ಅಳೆದ ಮೇಲೆ ಒಮ್ಮೆ, ಮೀಟರಿನ ಮೂತಿಗೆ ಕ್ಯಾಲಿಬ್ರೇಟರ್ ಎಂಬ ಪುಟ್ಟ ಡಬ್ಬಿ ತೊಡಿಸುತ್ತಾರೆ. ಅದು ಒಂದೇ ಸಮನೆ ಸಿಳ್ಳೆ ಹಾಕುತ್ತದೆ. ಮೀಟರ್ ಸರಿಯಿದ್ದರೆ ತೊಂಬತ್ತನಾಲ್ಕು ತೋರಿಸಲೇಬೇಕು. ಆ ಸಿಳ್ಳೆಯನ್ನೂ ನಾನು ಕಲಿತಿದ್ದೆ. ಡಬ್ಬಿ ಚೀಲದೊಳಗೆ ಇರುವಾಗ ಬೆನ್ನ ಹಿಂದಿನಿಂದ ಸಿಳ್ಳೆ ಹಾಕಿದರೆ ಮೀಟರಣ್ಣ ಚೀಲ ಬಿಚ್ಚಿ ಡಬ್ಬಿಯ ಗುಂಡಿ ಒತ್ತಿ ಒತ್ತಿ ನೋಡುತ್ತಿದ್ದರು. ಕೊನೆಗೆ, "ಲೋ ಗಿಳಿ, ನಿನ್ನ ನಾಲಿಗೆಗೂ ವರ್ಷಕ್ಕೊಂದ್ಸಲ ಸೀಲ್ ಹಾಕಿಸ್ಬೇಕು ಕಣೋ," ಎಂದು ಸ್ಕೇಲು ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದರು. ಆ ಸಿಳ್ಳೆ ಅವರಿಗೆ ಚೆನ್ನಾಗಿ ಕೇಳುತ್ತಿತ್ತು. ಮೇಡಂ ಮಾತು ಕೇಳುತ್ತಿತ್ತು, ಫೋನ್ ಕೇಳುತ್ತಿತ್ತು. ಅವರ ಕಿವಿಯ ಬಗ್ಗೆ ಯಾರಿಗೂ ಸಂಶಯ ಬರಲು ಕಾರಣವೇ ಇರಲಿಲ್ಲ.

ಈ ವರ್ಷ ಮನೆಗಳಿರುವ ಜಾಗದಲ್ಲಿ ರಾತ್ರಿಯ ಶಬ್ದಮಿತಿ ಎಷ್ಟಿರಬೇಕು ಎಂದು ಹೊಸದಾಗಿ ತೀರ್ಮಾನಿಸಲು ಒಂದು ಸಮಿತಿಯಾಯಿತು. ಸಮಿತಿ ಎಂದರೆ ಸ-ಮಿತಿ, ಮಿತಿಯನ್ನು ಮನೆಯಿಂದಲೇ ಕಂಕುಳಲ್ಲಿ ಇಟ್ಟುಕೊಂಡು ಬರುವವರು ಎಂದು ನಾನು ಅರ್ಥ ಹೇಳಿದಾಗ ಮೇಡಂ ನಗಲಿಲ್ಲ. "ಹನ್ನೊಂದು ದೇಶಗಳ ಮಿತಿ, ಅವುಗಳ ಆರೋಗ್ಯದ ಆಧಾರ, ಎರಡನ್ನೂ ಒಂದು ಕೋಷ್ಟಕದಲ್ಲಿ ಇಡಿ. ನಮ್ಮದು ಕೊನೇ ಸಾಲು," ಎಂದರು.

ಒಂದೂವರೆ ತಿಂಗಳು ನಾನು ಅದರಲ್ಲಿ ಮುಳುಗಿದೆ. ಹೊರಗಿನಿಂದ ನೋಡಿದರೆ ಸುಲಭದ ಕೆಲಸ: ಒಂದು ದೇಶ, ಒಂದು ಅಂಕಿ. ಒಳಹೊಕ್ಕರೆ ಒಂದೊಂದು ದೇಶದ್ದು ಒಂದೊಂದು ಅಳತೆಗೋಲು. ಒಬ್ಬರು ಮನೆಯ ಹೊರಗೋಡೆಯ ಹತ್ತಿರ ಅಳೆದರೆ ಇನ್ನೊಬ್ಬರು ಹಾಸಿಗೆಯ ಪಕ್ಕದಲ್ಲಿ. ಒಬ್ಬರ ರಾತ್ರಿ ಹತ್ತಕ್ಕೆ ಶುರು, ಇನ್ನೊಬ್ಬರದು ಹನ್ನೊಂದಕ್ಕೆ. ಒಬ್ಬರು ವರ್ಷದ ಎಲ್ಲ ರಾತ್ರಿಗಳನ್ನು ಕಲಸಿ ಸರಾಸರಿ ತೆಗೆಯುತ್ತಾರೆ; ಸರಾಸರಿಯಲ್ಲಿ ಅದ್ದಿದರೆ ಸಿಡಿಲೂ ಪಿಸುಮಾತಾದೀತು. ಇನ್ನೊಬ್ಬರು ಆ ಒಂದೇ ಸಿಡಿಲನ್ನು ಹಿಡಿಯುತ್ತಾರೆ. ಒಳಗೆ ಮೂವತ್ತು ಎಂದವರು ಹೊರಗೆ ನಲವತ್ತೈದು ಎಂದವರಿಗಿಂತ ಬಿಗಿ ಎಂದು ಮೊದಲ ವಾರ ನಾನೂ ಬರೆದಿದ್ದೆ. ಅಂಗಿಯ ಅಳತೆಯನ್ನು ಚಪ್ಪಲಿಯ ಅಳತೆಯ ಪಕ್ಕ ಇಟ್ಟ ಹಾಗೆ. ಕಿಟಕಿ ಸ್ವಲ್ಪ ತೆರೆದಿದ್ದರೂ ಗೋಡೆ ಹದಿನೈದು ಡೆಸಿಬೆಲ್ ನುಂಗುತ್ತದೆ. ಹೊರಗಿನ ನಲವತ್ತೈದು ಹಾಸಿಗೆಯ ಹತ್ತಿರ ಮೂವತ್ತಾಗುತ್ತದೆ. ಇಬ್ಬರೂ ಹೇಳಿದ್ದು ಒಂದನ್ನೇ.

ಆರೋಗ್ಯದ ಆಧಾರದ ಕಾಲಂನಲ್ಲಿ ಮಾತ್ರ ಅಂಥ ಜಗಳ ಇರಲಿಲ್ಲ. ಮನುಷ್ಯ ಮಲಗಿದರೂ ಕಿವಿ ಮಲಗುವುದಿಲ್ಲ. ಎಚ್ಚರವಾಗದ ಸದ್ದಿಗೂ ನಾಡಿ ಓಡುತ್ತದೆ, ರಕ್ತದೊತ್ತಡ ಏರುತ್ತದೆ; ವರ್ಷಗಟ್ಟಲೆ ಹಾಗಾದರೆ ಹೃದಯ ಅದರ ಫಲ ಉಣ್ಣುತ್ತದೆ. ಹತ್ತು ದೇಶಗಳ ವೈದ್ಯರು ಇದನ್ನೇ ಹತ್ತು ಬಗೆಯಲ್ಲಿ ಬರೆದಿದ್ದರು. ಹಾಗಿದ್ದರೆ ಅಂಕಿಗಳೇಕೆ ಬೇರೆ ಬೇರೆ ಎಂದರೆ, ನೂರಕ್ಕೆ ಎಷ್ಟು ಜನರ ನಿದ್ದೆ ಹೋದರೆ ಪರವಾಗಿಲ್ಲ ಎಂಬುದನ್ನು ವೈದ್ಯರು ಹೇಳುವುದಿಲ್ಲ. ಅದನ್ನು ಸಮಿತಿಗಳು ಹೇಳುತ್ತವೆ.

ಹನ್ನೊಂದನೆಯ ಸಾಲು ನಮ್ಮದು. ಅದನ್ನು ಮೇಡಂ ತಾವೇ ಬರೆದು ಕೊಟ್ಟರು. ರಾತ್ರಿ ಮಿತಿ: ೫೫. ಆರೋಗ್ಯದ ಆಧಾರ: ಅನ್ವಯಿಸುವುದಿಲ್ಲ. ಕೆಳಗೆ ಒಂದು ಅಡಿಟಿಪ್ಪಣಿ: ಗೂಡ್ಸ್ ಯಾರ್ಡ್ ಪೂರ್ತಿ ಮುಚ್ಚಿದ್ದ ನಾಲ್ಕು ರಾತ್ರಿಗಳಲ್ಲೂ ಪಕ್ಕದ ಮನೆಗಳ ಹತ್ತಿರ ಶಬ್ದ ೫೨ ಇತ್ತು, ಆದ್ದರಿಂದ ೪೫ರ ಮಿತಿ ಪಾಲಿಸಲು ಅಸಾಧ್ಯ.

ಆ ಗೂಡ್ಸ್ ಯಾರ್ಡಿನ ಗೋಡೆಗೆ ಬೆನ್ನು ಕೊಟ್ಟು ನಿಂತ ಕ್ವಾರ್ಟರ್ಸ್ ಸಾಲಿನ ಮೂರನೆಯ ಮನೆಯಲ್ಲಿ ನನ್ನ ಅಕ್ಕ ಇರುತ್ತಾಳೆ. ಅಕ್ಕನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ಮನೆ ಆ ಕೆಲಸಕ್ಕೆ ಅಂಟಿಕೊಂಡು ಬಂದದ್ದು. ಭಾವ ಬಸ್ ಓಡಿಸುತ್ತಿದ್ದರು. ಎದೆ ಒಂದು ಸಲ ಕೈಕೊಟ್ಟ ಮೇಲೆ ಸ್ಟಿಯರಿಂಗ್ ಬಿಟ್ಟು ಮನೆಯಲ್ಲಿದ್ದಾರೆ. ಯಾರ್ಡಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರ ತನಕ ವ್ಯಾಗನ್ನುಗಳನ್ನು ಒಂದಕ್ಕೊಂದು ಗುದ್ದಿಸಿ ಜೋಡಿಸುತ್ತಾರೆ. ಪ್ರತಿ ಗುದ್ದಿಗೂ ಅಕ್ಕನ ಅಡುಗೆಮನೆಯ ಸ್ಟೀಲ್ ತಟ್ಟೆಗಳು ಒಂದಿಂಚು ಜರುಗುತ್ತವೆ, ಭಾವನ ಕೈ ಎದೆಗೆ ಹೋಗುತ್ತದೆ. ಔಷಧಿ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧ ನಿದ್ದೆ ಮಾಡಬೇಕು, ಅದಿಲ್ಲದೆ ಇನ್ನೊಂದು ಸಲ ಎದೆ ತಡೆಯುವುದಿಲ್ಲ ಎಂದು ಡಾಕ್ಟರು ಬಾಯಿಬಿಟ್ಟು ಹೇಳಿದ್ದರು. "ಔಷಧಿ ನಾನು ನುಂಗ್ತೀನಿ ಮೈದುನ, ನಿದ್ದೆ ಯಾರ್ಡ್ ನುಂಗುತ್ತೆ. ಮನೇಲಿ ಕೆಲಸ ಹಂಚ್ಕೊಂಡಿದೀವಿ," ಎನ್ನುತ್ತಿದ್ದರು ಭಾವ. ಮಿತಿ ನಲವತ್ತೈದಾದರೆ ಯಾರ್ಡ್ ರಾತ್ರಿಯ ಗುದ್ದಾಟ ನಿಲ್ಲಿಸಬೇಕು. ಐವತ್ತೈದಾದರೆ ಗುದ್ದುಗಳನ್ನೆಲ್ಲ ಇಡೀ ರಾತ್ರಿಯ ಸರಾಸರಿಯಲ್ಲಿ ಅದ್ದಿ ಮುಂದುವರಿಯಬಹುದು. ನನಗೆ ಆ ಕೋಷ್ಟಕದ ಅರ್ಥ ಇಷ್ಟೇ ಇತ್ತು.

ಅಡಿಟಿಪ್ಪಣಿಯ ಆ ಐವತ್ತೆರಡು ನನ್ನ ತಲೆಯಲ್ಲಿ ಗುಂಯ್‌ಗುಡಲು ಶುರುವಾಯಿತು. ಯಾರ್ಡ್ ಮುಚ್ಚಿದ ದಿನ ಅಕ್ಕನ ಮನೆಯಲ್ಲಿ ಗಡಿಯಾರದ ಮುಳ್ಳಿನ ಸದ್ದು ಕೇಳುತ್ತದೆ. ಅಲ್ಲಿ ಐವತ್ತೆರಡು ಎಲ್ಲಿಂದ ಬರಬೇಕು?

ಮೀಟರಣ್ಣನ ಅಳತೆ ಪುಸ್ತಕ ತೆಗೆದು ನೋಡಿದೆ. ನಾಲ್ಕು ರಾತ್ರಿ, ಅಚ್ಚುಕಟ್ಟಾದ ಅಕ್ಷರ, ಐದೈದು ನಿಮಿಷಕ್ಕೆ ಒಂದು ಸಾಲು. ೫೨, ೫೨, ೫೧, ೫೨. ಕಿವಿ ಕಾಲಂನಲ್ಲಿ ಮೇಲಿಂದ ಕೆಳಗಿನ ತನಕ ಒಂದೇ ಮಾತು: ಏನೂ ಇಲ್ಲ. ಮೀಟರ್ ಇಟ್ಟ ಜಾಗದ ಗುರುತೂ ಇತ್ತು: ಮೂರನೆಯ ಮನೆಯ ಹಿಂದೆ, ಮೋರಿಯ ಪಕ್ಕದ ಕಂಬ.

ಮುಂದಿನ ವಾರದ ರಜೆಯ ದಿನ ಸಂಜೆ ಅಲ್ಲಿಗೆ ಹೋದೆ. ಯಾರ್ಡ್ ಮುಚ್ಚಿತ್ತು. ಅಕ್ಕ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು, ಭಾವ ಮೆಟ್ಟಿಲ ಮೇಲೆ ಕೂತಿದ್ದರು. ಬೆಳಕು ಇಳಿಯುತ್ತಿದ್ದ ಹಾಗೇ ಮೋರಿಯ ಹುಲ್ಲಿನಿಂದ ಒಂದು ಜೀರುಂಡೆ ಶುರು ಮಾಡಿತು. ಅದಕ್ಕೆ ಇನ್ನೊಂದು ದನಿಗೂಡಿಸಿತು. ಹತ್ತು ನಿಮಿಷದಲ್ಲಿ ಕಂಬದ ಬುಡವೇ ಕಿರುಗುಡುತ್ತಿತ್ತು.

"ಅಕ್ಕ, ಇದು ಇವತ್ತು ಮಾತ್ರನಾ?"

"ಯಾವುದೋ?"

"ಜೀರುಂಡೆ."

"ಅದು ದಿನಾ ಇದ್ದಿದ್ದೇ. ಯಾರ್ಡ್ ಶುರುವಾದ್ರೆ ಕೇಳಲ್ಲ ಅಷ್ಟೇ. ಯಾಕೆ, ಅದಕ್ಕೂ ನೋಟಿಸ್ ಕೊಡ್ತೀಯಾ?"

"ಕೊಡ್ಲಿ ಬಿಡೆ," ಎಂದರು ಭಾವ. "ಯಾರ್ಡಿನವರಂತೂ ತಗೊಳಲ್ಲ, ಜೀರುಂಡೆ ಆದ್ರೂ ತಗೊಳ್ಳಲಿ."

ನಾನು ಆ ಕಂಬದ ಹತ್ತಿರ ಹೋಗಿ ನಿಂತೆ. ಇಷ್ಟು ಹತ್ತಿರದಲ್ಲಿ, ಇಷ್ಟು ಜೋರಾಗಿ, ನಾಲ್ಕು ರಾತ್ರಿ. ಅಳತೆಗೆ ಕರೆದೊಯ್ಯುವ ಕಚೇರಿಯ ಡ್ರೈವರ್ ಜೀಪಿನ ಗಾಜು ಏರಿಸಿ ಮಲಗಿರುತ್ತಾನೆ, ಅದು ಎಲ್ಲರಿಗೂ ಗೊತ್ತು. ಮೀಟರಣ್ಣ ಮಾತ್ರ ಎಚ್ಚರವಾಗಿ, ಬೆನ್ನು ನೆಟ್ಟಗೆ ಮಾಡಿ ಕೂತು, ಕಿವಿಗೊಟ್ಟು ಕೇಳಿ, 'ಏನೂ ಇಲ್ಲ' ಎಂದು ಬರೆದಿದ್ದರು. ಅವರು ಸುಳ್ಳು ಬರೆಯುವ ಪೈಕಿ ಅಲ್ಲ. ಅವರ ಪಾಲಿಗೆ ಅಲ್ಲಿ ಏನೂ ಇರಲಿಲ್ಲ.

ಕ್ವಾರಿ, ಓಡುದಾರಿ, ಕಬ್ಬಿಣದ ಶೆಡ್ಡು ಇಪ್ಪತ್ತೊಂಬತ್ತು ವರ್ಷ ಸೇರಿಕೊಂಡು ಆ ಕಿವಿಗಳಿಂದ ಸಣ್ಣ ದನಿಗಳನ್ನೆಲ್ಲ ಒಂದೊಂದಾಗಿ ಕದ್ದಿದ್ದವು, ಮನೆಯವರು ಎಚ್ಚರವಿದ್ದಂತೆಯೇ ಕಳ್ಳರು ಮನೆ ದೋಚಿದ ಹಾಗೆ. ಮಾತು ಉಳಿಸಿದ್ದವು, ಸಿಳ್ಳೆ ಉಳಿಸಿದ್ದವು, ಹಾಗಾಗಿ ಕಳವು ಗೊತ್ತಾಗಿರಲಿಲ್ಲ. ಆ ಖಾಲಿ ಜಾಗದಲ್ಲಿ ಈಗ ಹೊಸ ಮಿತಿ ನಿಲ್ಲುವುದರಲ್ಲಿತ್ತು. ಶಬ್ದ ತಿಂದ ಕಿವಿಯೇ ಶಬ್ದಕ್ಕೆ ಸಾಕ್ಷಿ.

ಮರುದಿನ ಮೀಟರಣ್ಣ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಮೆಲ್ಲಗೆ ಕೆದಕಿದೆ.

"ಅಣ್ಣ, ಯಾರ್ಡಿನ ಹಿಂದೆ ಅಳೆದ್ರಲ್ಲ, ಅಲ್ಲಿ ಜೀರುಂಡೆ ಇತ್ತಾ?"

"ಇದ್ದಿದ್ರೆ ಬರೀತಿರ್ಲಿಲ್ವೇನೋ?"

"ನಿನ್ನೆ ನಾನು ಹೋಗಿದ್ದೆ. ಕಂಬದ ಬುಡದಲ್ಲೇ ಇವೆ."

"ನಿನ್ನೆ ಇದ್ದಿರ್ಬೋದು. ನಾನು ಕೂತಿದ್ದಾಗ ಇರ್ಲಿಲ್ಲ. ನಾಲ್ಕು ರಾತ್ರಿ ಕೂತಿದೀನಿ ಕಣೋ, ನಾಲ್ಕು ನಿಮಿಷ ಅಲ್ಲ."

ನಾನು ಫೋನ್ ತೆಗೆದು ಹಿಂದಿನ ಸಂಜೆ ಹಿಡಿದುಕೊಂಡು ಬಂದಿದ್ದ ಸದ್ದನ್ನು ಹಾಕಿದೆ. ಕೋಣೆ ತುಂಬ ಜೀರುಂಡೆ. ಮೀಟರಣ್ಣ ಫೋನನ್ನು ಕಿವಿಗೆ ಹಿಡಿದರು. ಅವರ ಹುಬ್ಬು ಗಂಟಿಕ್ಕಿತು, ಸಡಿಲವಾಯಿತು.

"ಯಾರೋ ಹೆಂಗಸು ಮಾತಾಡ್ತಿದಾಳೆ. ನೋಟಿಸ್ ಅಂತಿದಾಳೆ. ಅಷ್ಟೇ."

"ಅದರ ಹಿಂದೆ ಏನಿದೆ?"

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನಕ್ಕುಬಿಟ್ಟರು. "ಲೋ, ನನ್ನ ಕಿವಿಗೆ ಹೂವಿಡೋಕೆ ಬಂದ್ಯಾ? ಖಾಲಿ ಸದ್ದು ಹಾಕಿ ಜೀರುಂಡೆ ಅನ್ನೋದು, ಈ ಮುದುಕ ಹೌದು ಅಂದ್ರೆ ಕಚೇರಿ ತುಂಬ ಹೇಳ್ಕೊಂಡು ತಿರುಗೋದು. ಅಲ್ವಾ?"

"ಖಾಲಿ ಅಲ್ಲಣ್ಣ. ಮೇಡಂನೇ ಕೇಳಿ."

ಮೇಡಂ ಕೇಳಿದರು. ಗಂಟಲು ಕೆರೆದುಕೊಂಡರು. "ಜೀರುಂಡೆಯೇನೋ ಇದೆ. ಆದ್ರೆ ಗಿಳಿ, ಇದು ಮೋರಿಯ ಜೀರುಂಡೆನೋ ನಿಮ್ಮ ಬಾಯಿಯ ಜೀರುಂಡೆನೋ, ನಾನು ಯಾವ ಧೈರ್ಯದ ಮೇಲೆ ಹೇಳ್ಲಿ?"

ಮೀಟರಣ್ಣ ಆಗಲೇ ಕೈ ತೊಳೆಯಲು ಹೋಗಿದ್ದರು. ನಾನು ದನಿ ತಗ್ಗಿಸಿದೆ. "ಮೇಡಂ, ಅವರಿಗೆ ಇದು ಕೇಳಿಸ್ತಿಲ್ಲ. ಎತ್ತರದ ಸಣ್ಣ ದನಿ ಹೋಗಿದೆ. ಆ ಐವತ್ತೆರಡು ಹುಳದ್ದು, ಲೆಕ್ಕಕ್ಕೆ ಬರಲ್ಲ."

"ನಿಮ್ಮ ಅಕ್ಕನ ಮನೆ ಅದೇ ಸಾಲಲ್ಲಿ ಅಲ್ವಾ?"

"ಹೌದು."

"ಅದನ್ನ ನಾನೇ ಕೇಳ್ತಿದೀನಿ ಅಂದ್ಮೇಲೆ ಯಾರ್ಡಿನವರು ಕೇಳದೆ ಬಿಡ್ತಾರಾ? ಮೀಟರಣ್ಣನ ಮೇಲೆ ಇವತ್ತಿನವರೆಗೆ ಒಂದು ಆಕ್ಷೇಪಣೆ ಬಂದಿಲ್ಲ. ನಿಮ್ಮ ಸೇವಾ ಪುಸ್ತಕ ನೋಡಿದೀರಾ?" ಎಂದು ಅವರು ಕಡತದ ದಾರ ಕಟ್ಟಿದರು. ಕಿವುಡರ ಮುಂದೆ ಕಿನ್ನರಿ ಬಾರಿಸಿದರೆ ಒಂದು ಗಾದೆಯಾದರೂ ದಕ್ಕೀತು. ಜಾಣಕಿವುಡರ ಮುಂದೆ ಅದೂ ಇಲ್ಲ.

ಆ ವಾರ ಭಾವನನ್ನು ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ನೋಡಲು ಹೋದಾಗ ವಾರ್ಡಿನಲ್ಲಿ ಗಾಢ ನಿದ್ದೆಯಲ್ಲಿದ್ದರು. ಅಕ್ಕ ಪಕ್ಕದ ಸ್ಟೂಲಿನಲ್ಲಿ ಕೂತು, "ಎಬ್ಬಿಸ್ಬೇಡ," ಎಂದು ಕೈಸನ್ನೆ ಮಾಡಿದಳು. ಆಮೇಲೆ ಬಾಗಿಲ ಹತ್ತಿರ ಬಂದು ಹೇಳಿದಳು: "ಇಲ್ಲಿ ಮಲಗಿದ್ದೇ ಬಂತು. ನಾಳೆ ಮನೆಗೆ ಕಳಿಸ್ತಾರಂತೆ. ಕಳಿಸ್ಬೇಡಿ ಅಂತ ಹೇಳೋಕಾಗುತ್ತಾ?" ಅವಳು ಅದನ್ನು ತಮಾಷೆಗೆ ಹೇಳಿರಲಿಲ್ಲ.

ಸಮಿತಿ ಸೇರಿದ ದಿನ ನಮ್ಮ ಕಟ್ಟಡದ ಸಭಾಕೋಣೆಯಲ್ಲಿ ಆರು ಜನ. ಮೇಜಿನ ತಲೆಗೆ ಅಧ್ಯಕ್ಷರು, ನಿವೃತ್ತ ನ್ಯಾಯಾಧೀಶರು. ಅವರ ಎಡಕ್ಕೆ ಒಬ್ಬ ಡಾಕ್ಟರು, ಬಲಕ್ಕೆ ಯಾರ್ಡಿನ ಮ್ಯಾನೇಜರು. ಈಚೆಗೆ ಮೇಡಂ, ಮೀಟರಣ್ಣ, ಕೊನೆಯಲ್ಲಿ ಕಡತಗಳ ಗುಡ್ಡದ ಹಿಂದೆ ನಾನು. ಮೀಟರಣ್ಣ ತಮ್ಮ ಪದ್ಧತಿಯಂತೆ ಮೀಟರನ್ನು ಚೀಲದಿಂದ ತೆಗೆದು, ಡಬ್ಬಿ ತೊಡಿಸಿ ತೊಂಬತ್ತನಾಲ್ಕು ನೋಡಿ, ಮೇಜಿನ ಮಧ್ಯದಲ್ಲಿ ಚಾಲೂ ಇಟ್ಟರು. ಮಾತಾಡುವವರಿಗೆ ತಮ್ಮ ಮಾತಿನ ತೂಕ ಗೊತ್ತಾಗಲಿ ಎಂದು ಅವರು ಎಲ್ಲ ಸಭೆಯಲ್ಲೂ ಹಾಗೆ ಮಾಡುತ್ತಿದ್ದರು. ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ಎಲ್ಲರೂ ಸುಮ್ಮನಾದಾಗ ಅದು ಮೂವತ್ತೆಂಟು ತೋರಿಸಿತು.

ಕೋಷ್ಟಕವನ್ನು ಮೇಡಂ ಓದಿದರು. ಡಾಕ್ಟರು ಹತ್ತು ಸಾಲಿಗೂ ತಲೆಯಾಡಿಸಿ ಹನ್ನೊಂದಕ್ಕೆ ನಿಂತರು.

"ಆರೋಗ್ಯದ ಆಧಾರ ಅನ್ವಯಿಸುವುದಿಲ್ಲ ಅಂದ್ರೆ ಏನು? ನಮ್ಮೋರ ಹೃದಯ ಬೇರೆ ಕಂಪನೀದಾ?"

ಮ್ಯಾನೇಜರು ಮುಗುಳ್ನಕ್ಕರು. "ಡಾಕ್ಟ್ರೇ, ಹೃದಯ ಅದೇ. ಆದ್ರೆ ಅಡಿಟಿಪ್ಪಣಿ ನೋಡಿ. ನಾವು ಬೀಗ ಹಾಕಿದ ರಾತ್ರೀನೂ ಐವತ್ತೆರಡು. ಆಕಾಶದಿಂದ ಬರೋ ಶಬ್ದಕ್ಕೆ ಯಾರ್ಡ್ ಹೊಣೆನಾ? ಐವತ್ತೆರಡು ಅಂದ್ರೆ ಏನಂತೀರಿ, ಯಾರಿಗೂ ಗೊತ್ತೂ ಆಗಲ್ಲ."

ಅಧ್ಯಕ್ಷರು ಮೀಟರಣ್ಣನ ಕಡೆ ತಿರುಗಿದರು. "ಇದು ನಿಮ್ಮ ಅಳತೆ. ಇದಕ್ಕೆ ಬದ್ಧವಾಗಿ ನಿಂತ್ಕೊಳ್ತೀರಾ?"

"ನಿಂತ್ಕೊಳ್ತೀನಿ ಸಾರ್. ನಾಲ್ಕು ರಾತ್ರಿ ನಾನೇ ಕೂತಿದ್ದೆ."

ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು. ಸಹಿ ಬಿದ್ದರೆ ಐವತ್ತೈದು. ಭಾವ ಹಿಂದಿನ ದಿನವಷ್ಟೇ ಮನೆಗೆ ಬಂದಿದ್ದರು.

ನಾನು ಯೋಚನೆ ಮಾಡಿ ಮಾಡಿದೆ ಎಂದರೆ ಸುಳ್ಳಾದೀತು. ಎದ್ದು ನಿಂತು ವಾದಿಸಿದರೆ ಅಕ್ಕನ ತಮ್ಮ ಎನ್ನುತ್ತಿದ್ದರು, ಫೋನ್ ತೆಗೆದರೆ ಗಿಳಿ ಎನ್ನುತ್ತಿದ್ದರು. ನನ್ನ ಹತ್ತಿರ ಇದ್ದದ್ದು ಒಂದೇ. ಕಡತಗಳ ಹಿಂದೆ ತಲೆ ತಗ್ಗಿಸಿ, ನಾಲಿಗೆಯ ತುದಿಯನ್ನು ಹಲ್ಲಿಗೆ ಒತ್ತಿ, ತುಟಿ ಅಲುಗದಂತೆ ಉಸಿರು ಬಿಟ್ಟೆ. ಜೀರುಂಡೆ ಶುರುವಾಯಿತು.

ಮೊದಲು ಮೇಡಂ ಕಿಟಕಿ ನೋಡಿದರು. ಡಾಕ್ಟರು ಕಾಲಿನ ಕೆಳಗೆ ನೋಡಿಕೊಂಡರು. ಅಧ್ಯಕ್ಷರ ಪೆನ್ನು ಗಾಳಿಯಲ್ಲಿ ನಿಂತಿತು. ನಾನು ಉಸಿರು ಬಿಗಿಸಿ ದನಿಯನ್ನು ಒಂದು ಮೆಟ್ಟಿಲು ಏರಿಸಿದೆ, ಇನ್ನೊಂದು ಏರಿಸಿದೆ. ಕಣ್ಣು ಮೀಟರಿನ ಮೇಲಿತ್ತು. ನಲವತ್ತಾರು. ನಲವತ್ತೊಂಬತ್ತು. ಐವತ್ತೆರಡು. ಅಲ್ಲೇ ನಿಲ್ಲಿಸಿದೆ.

ಮ್ಯಾನೇಜರು ತಡೆಯಲಾರದೆ ಕುರ್ಚಿ ಹಿಂದಕ್ಕೆ ತಳ್ಳಿದರು. "ಏನಿದು ಸಾರ್, ತಲೆ ಚಿಟ್ಟು ಹಿಡಿಯುತ್ತೆ. ಇಂಥದ್ರಲ್ಲಿ ಮನುಷ್ಯ ಯೋಚನೆ ಮಾಡೋದು ಹೇಗೆ? ಮೊದಲು ಇದನ್ನ ಹಿಡೀರಿ," ಎಂದು ತಾವೇ ಬಗ್ಗಿ ಮೇಜಿನ ಕೆಳಗೆ ಹೊಕ್ಕರು.

ಮೀಟರಣ್ಣ ಅಲುಗಲಿಲ್ಲ. ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಮೀಟರನ್ನು ನೋಡುತ್ತಿದ್ದರು. ಅವರ ಪಾಲಿಗೆ ಕೋಣೆ ನಿಶ್ಶಬ್ದ. ಯಾರೂ ಮಾತಾಡುತ್ತಿಲ್ಲ, ಫ್ಯಾನ್ ತಿರುಗುತ್ತಿಲ್ಲ, ಅಂಕಿ ಐವತ್ತೆರಡು. ಇಪ್ಪತ್ತೊಂಬತ್ತು ವರ್ಷದ ಕೈ ಮಾಡಬೇಕಾದ್ದನ್ನೇ ಮಾಡಿತು. ಚೀಲದಿಂದ ಡಬ್ಬಿ ತೆಗೆದು ಮೀಟರಿನ ಮೂತಿಗೆ ತೊಡಿಸಿ ಗುಂಡಿ ಒತ್ತಿತು. ತೊಂಬತ್ತನಾಲ್ಕು. ಮೀಟರ್ ಸರಿಯಿತ್ತು. ಡಬ್ಬಿ ತೆಗೆದರು. ಐವತ್ತೆರಡು.

ಅವರು ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡು ತಲೆ ಎತ್ತಿದರು.

"ಮೇಡಂ, ಇಲ್ಲಿ ಏನಾದ್ರೂ ಕೇಳಿಸ್ತಿದೆಯಾ?"

"ಜೀರುಂಡೆ ಅಲ್ವಾ? ಎಲ್ಲೋ ಹತ್ತಿರದಲ್ಲೇ ಇದೆ."

"ಡಾಕ್ಟ್ರೇ, ನಿಮಗೆ?"

"ಚೆನ್ನಾಗೇ ಕೇಳಿ..." ಎಂದವರು ಅರ್ಧಕ್ಕೆ ನಿಲ್ಲಿಸಿ ಮೀಟರಣ್ಣನ ಮುಖ ನೋಡಿದರು. ಅವರ ದನಿ ಇಳಿಯಿತು. "ನಿಮಗೆ ಕೇಳಿಸ್ತಿಲ್ವಾ?"

ಮೀಟರಣ್ಣ ಡಬ್ಬಿ ಕೆಳಗಿಟ್ಟರು. ಅಳತೆ ಪುಸ್ತಕ ತೆರೆದು ಆ ನಾಲ್ಕು ರಾತ್ರಿಯ ಪುಟಗಳನ್ನು ಹುಡುಕಿ ತೆಗೆದರು. ಸ್ಕೇಲು ಇಟ್ಟು, ಕಿವಿ ಕಾಲಂನ ಮೇಲಿಂದ ಕೆಳಗೆ ಒಂದೊಂದು ಗೆರೆ ಎಳೆದರು. ಕೆಳಗೆ ಸಹಿ ಮಾಡಿ, ದಿನಾಂಕ ಹಾಕಿ ಅಧ್ಯಕ್ಷರ ಕಡೆಗೆ ಸರಿಸಿದರು.

"ಸಾರ್, ಈ ಅಳತೆ ತೆಗೆದುಹಾಕಿ. ಮೋರಿ ಪಕ್ಕ ಹುಲ್ಲಿದೆ. ಹುಳ ಇದ್ದೇ ಇರುತ್ತೆ. ನನಗೆ ಅದು..." ಅವರು ಪದ ಹುಡುಕಿದರು. "ನನಗೆ ಅದು ಇಲ್ಲ. ಎಷ್ಟು ವರ್ಷದಿಂದ ಇಲ್ಲವೋ ಗೊತ್ತಿಲ್ಲ. ಹಳೇ ಪುಸ್ತಕಗಳನ್ನೂ ತರಿಸಿ ನೋಡ್ಬೇಕಾಗುತ್ತೆ. ಎಲ್ಲದರಲ್ಲೂ ಏನೂ ಇಲ್ಲ ಅಂತಾನೇ ಬರೆದಿದೀನಿ."

ನಡುನಡುವೆ ಕದ್ದು ಎಳೆದುಕೊಂಡ ಉಸಿರೂ ಮುಗಿದಿತ್ತು. ನಾನು ನಿಲ್ಲಿಸಿದೆ. ಮೀಟರ್ ಮೂವತ್ತೆಂಟಕ್ಕೆ ಇಳಿಯಿತು. ಆ ಇಳಿತವನ್ನೂ ಅವರು ನೋಡಿದರು, ಆಮೇಲೆ ಕಡತಗಳ ಗುಡ್ಡವನ್ನು ನೋಡಿದರು. ನನಗೆ ತಲೆ ಎತ್ತಲಾಗಲಿಲ್ಲ.

ಅಧ್ಯಕ್ಷರು ಅಡಿಟಿಪ್ಪಣಿಯ ಮೇಲೆ ಪೆನ್ನು ಹಾಯಿಸಿದರು. "ಇದು ಹೋದ್ರೆ ಐವತ್ತೈದಕ್ಕೆ ಕಾಲೇ ಇಲ್ಲ. ಡಾಕ್ಟ್ರೇ, ನಿಮ್ಮ ಕಾಲಂ ತುಂಬಿಸಿ. ಮನೆಗಳ ಹತ್ತಿರ ರಾತ್ರಿ ನಲವತ್ತೈದು, ಇನ್ನು ಮೂವತ್ತು ದಿನದಿಂದ." ಸಹಿ ಹಾಕಿ, ತುಸು ತಡೆದು ಮೇಡಂ ಕಡೆ ನೋಡಿದರು. "ಇವರನ್ನ ಇನ್ನು ಅಳತೆಗೆ ಕಳಿಸ್ಬೇಡಿ. ಹಳೇ ವರದಿಗಳ ಪರಿಶೀಲನೆಗೆ ಯಾರನ್ನಾದ್ರೂ ಹಾಕಿ." ಅಷ್ಟೇ. ಇಪ್ಪತ್ತೊಂಬತ್ತು ವರ್ಷಕ್ಕೆ ಎರಡು ವಾಕ್ಯ.

ಆಗ ಮೇಜಿನ ಕೆಳಗಿನಿಂದ ಮ್ಯಾನೇಜರ ದನಿ ಬಂತು. "ಸಾರ್, ಸದ್ದು ನಿಂತಿದೆ. ಇಲ್ಲೇ ಎಲ್ಲೋ ಅಡಗಿದೆ. ಯಾರೂ ಅಲ್ಲಾಡ್ಬೇಡಿ, ಹಿಡೀತೀನಿ."

ಯಾರೂ ಅಲ್ಲಾಡಲಿಲ್ಲ. ಅವರು ನಾಲ್ಕು ಕಾಲಿನಲ್ಲಿ ಒಬ್ಬೊಬ್ಬರ ಬೂಟು, ಚಪ್ಪಲಿ ಸರಿಸಿ ನೋಡುತ್ತ ನನ್ನ ಕಡೆಗೇ ಬರುತ್ತಿದ್ದುದು ಕಾಣಿಸುತ್ತಿತ್ತು. ನನ್ನ ಮೊಣಕಾಲಿನ ಹತ್ತಿರ ಅವರ ತಲೆ ಮೇಲೆದ್ದಿತು.

"ಇಲ್ಲಿತ್ತೇನ್ರೀ?"

"ಇಲ್ಲೇ ಸಾರ್," ಎಂದೆ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಎದ್ದು ನಿಂತೆ. "ನಾನೇ ಅದು."

ಯಾರಿಗೂ ಅರ್ಥವಾದಂತೆ ಕಾಣಲಿಲ್ಲ. ನಾನು ಎಲ್ಲರೆದುರು, ತುಟಿ ಮುಚ್ಚಿಡದೆ, ಇನ್ನೊಂದು ಸಲ ಮಾಡಿ ತೋರಿಸಿದೆ. ಮ್ಯಾನೇಜರು ಮಂಡಿಯೂರಿ ನನ್ನ ಬಾಯಿಯನ್ನೇ ನೋಡುತ್ತಿದ್ದರು, ಹಿಡಿಯಲು ಮಾಡಿಕೊಂಡಿದ್ದ ಅಂಗೈ ಇನ್ನೂ ಬೊಗಸೆಯಾಗಿಯೇ ಇತ್ತು. ಮೊದಲು ಡಾಕ್ಟರ ಹೊಟ್ಟೆ ಕುಲುಕಿತು. ಮೇಡಂ ಸೆರಗಿಗೆ ಬಾಯಿ ಒತ್ತಿದರು, ತಡೆಯಲಾಗಲಿಲ್ಲ. ಅಧ್ಯಕ್ಷರು ಗದರುವ ಮುಖ ಮಾಡಿ, ಮ್ಯಾನೇಜರ ಮಂಡಿಯ ಧೂಳು ನೋಡಿ, ಸೋತರು.

ನಾನು ಮೀಟರಣ್ಣನನ್ನು ನೋಡಿದೆ. ಅವರು ನನ್ನ ತುಟಿಯನ್ನು ನೋಡುತ್ತಿದ್ದರು. ಅವರ ಕೈ ಸ್ಕೇಲಿನ ಮೇಲಿತ್ತು. ಇಡೀ ಕೋಣೆಯನ್ನು ನಗಿಸುತ್ತಿದ್ದ ಆ ದನಿ ಯಾವುದೆಂದು ಅವರೊಬ್ಬರಿಗೇ ಗೊತ್ತಿರಲಿಲ್ಲ. "ಮಾಡೋ, ಇನ್ನೊಂದ್ಸಲ ಮಾಡು," ಎಂದರು. ಮಾಡಿದೆ. ತಲೆ ವಾಲಿಸಿ, ಕಿವಿಯ ಹಿಂದೆ ಅಂಗೈ ಇಟ್ಟು, ಉಸಿರು ಹಿಡಿದು ಕೇಳಿದರು. ಅವರ ಪಾಲಿಗೆ ಈಗಲೂ ಏನೂ ಇಲ್ಲ. ಆಮೇಲೆ ಅವರ ಭುಜ ಅಲುಗಿತು, ಬಾಯಿ ತೆರೆದುಕೊಂಡಿತು, ಮತ್ತು ಅವರು ನಕ್ಕರು. ಮೇಜು ಬಡಿದು ನಕ್ಕರು, ಕಣ್ಣಲ್ಲಿ ನೀರು ಬರುವ ಹಾಗೆ, ಬಾಗಿಲಾಚೆಯ ಜವಾನ ಇಣುಕಿ ನೋಡುವ ಹಾಗೆ. ಡಾಕ್ಟರ ನಗು ನಿಂತಿತು, ಮೇಡಂ ನಗು ನಿಂತಿತು. ಅಧ್ಯಕ್ಷರು ಕಾಗದ ಜೋಡಿಸತೊಡಗಿದರು. ಮೀಟರಣ್ಣ ಇನ್ನೂ ನಗುತ್ತಲೇ ಇದ್ದರು, ನಮ್ಮೆಲ್ಲರಿಗಿಂತ ಜೋರಾಗಿ.